‘ಲಭ್ಯವಿರುವುದಿಲ್ಲ’ ಎಂದು ನಾನು ಬರೆದ ಕಾಗದ

ಸರ್ಕಾರಿ ಕನ್ನಡದಲ್ಲಿ ಅತಿ ಸುಲಭವಾದ ಸುಳ್ಳು ಯಾವುದು ಎಂದು ಕೇಳಿದರೆ ನಾನು ಯೋಚನೆಯನ್ನೇ ಮಾಡದೆ ಹೇಳುತ್ತೇನೆ: “ಸದರಿ ದಾಖಲೆಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.” ಬರೆಯಲು ಅರ್ಧ ನಿಮಿಷ, ಮೊಹರು ಒತ್ತಲು ಇನ್ನರ್ಧ ನಿಮಿಷ. ಇದಕ್ಕೆ ಹಿಂಬರಹ ಎನ್ನುತ್ತಾರೆ. ಅರ್ಜಿ ಕೊಟ್ಟವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಮಸ್ಕಾರವನ್ನೂ ಮಾಡಿ ಹೋಗುತ್ತಾರೆ. ನನ್ನ ನೌಕರಿಯಲ್ಲಿ ಈ ವಾಕ್ಯವನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಟ್ಟಿಲ್ಲ. ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ಮಾತ್ರ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲೇ ನನ್ನ ನೌಕರಿಯೆಲ್ಲ ಕಳೆಯಿತು. ಅದರಲ್ಲಿ ಬಹುಪಾಲು ರೆಕಾರ್ಡ್ ರೂಮಿನಲ್ಲಿ. ಯಾವ ಸಂಗತಿ ಯಾವ ಕಚೇರಿಯಲ್ಲಿ ನಡೆಯಿತು ಎಂದು ಇಲ್ಲಿ ಬರೆಯುವುದಿಲ್ಲ, ಜನರ ಮತ್ತು ಮನೆಗಳ ಹೆಸರನ್ನೂ ಬದಲಿಸಿದ್ದೇನೆ. ಬದಲಿಸದೆ ಉಳಿಸಿಕೊಂಡದ್ದು ನನ್ನ ತಪ್ಪುಗಳನ್ನು ಮಾತ್ರ.

ಈಗ ಯಾಕೆ ಬರೆಯಲು ಕೂತೆ ಎಂದರೆ, ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಯಾರಿಂದಲೋ ನಂಬರು ಪಡೆದು ಫೋನ್ ಮಾಡಿದಳು. “ಮೇಡಂ, ನನ್ನನ್ನ ರೆಕಾರ್ಡ್ ರೂಮಿಗೆ ಹಾಕಿದಾರೆ. ಎಲ್ಲ ಸ್ಕ್ಯಾನ್ ಆಗಿದೆ, ಅಲ್ಲಿ ಎಂತ ಕೆಲ್ಸವೂ ಇಲ್ಲ, ಮೊಬೈಲ್ ನೋಡ್ಕೊಂಡು ಕೂತಿರು ಅಂತ ನಗ್ತಾರೆ. ಹೌದಾ ಮೇಡಂ?” ಎಂದಳು. ನನಗೆ ಪಿತ್ತ ನೆತ್ತಿಗೇರಿತು. ನಕ್ಕವರ ಮೇಲೆ ಬಂದ ಸಿಟ್ಟನ್ನು ಆ ಮಗುವಿನ ಮೇಲೆ ತೀರಿಸಿಕೊಂಡು, “ಫೋನ್ ಇಡು, ಬರೆದು ಕಳಿಸ್ತೀನಿ” ಎಂದೆ. ಬರೆಯುತ್ತಾ ಬರೆಯುತ್ತಾ ಅದು ಇಷ್ಟಾಯಿತು.

ನನ್ನನ್ನೂ ರೆಕಾರ್ಡ್ ರೂಮಿಗೆ ಹಾಕಿದ್ದು ಶಿಕ್ಷೆ ಎಂದೇ. ಶಿರಸ್ತೇದಾರರೊಬ್ಬರು ಬೇರೆಯವರು ಕಳೆದ ಕಡತವನ್ನು ನಾನು ಕಳೆದೆ ಎಂದು ಬರೆದುಕೊಡಲು ಹೇಳಿದ್ದರು. ಆಗಲ್ಲ ಎಂದೆ. ಮಾರನೆಯ ದಿನವೇ ಕಚೇರಿಯ ಹಿಂಬದಿಯ ಆ ಕೋಣೆಯ ಬೀಗದ ಕೈ ನನ್ನ ಮೇಜಿನ ಮೇಲಿತ್ತು. ಒಂದೇ ಕಿಟಕಿ, ಅದಕ್ಕೂ ಹಲಗೆ ಬಡಿದಿದ್ದರು. ನೆಲದಿಂದ ಮಾಡಿನವರೆಗೆ ಕೆಂಪು ಬಟ್ಟೆಯ ಗಂಟುಗಳು. ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋದವಳು ಸಂಜೆ ಹೊರಗೆ ಬಂದಾಗ ಸಹೋದ್ಯೋಗಿಗಳು “ಏನು, ಗೆದ್ದಲ ಜೊತೆ ಪರಿಚಯ ಆಯ್ತಾ?” ಎಂದು ಕೇಳಿದರು. ನೌಕರಿಯವರ ತಮಾಷೆಯೇ ಹಾಗೆ, ಬಿದ್ದವರ ಮೇಲೊಂದು ಕಲ್ಲು.

ಆ ಕೋಣೆಯಲ್ಲಿ ನನಗಿದ್ದ ಒಬ್ಬನೇ ಗುರು ಅಟೆಂಡರ್ ಶೇಷಪ್ಪ. ಆಗಲೇ ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಓದಿದ್ದು ಕಡಿಮೆ, ಆದರೆ ಯಾವ ಗಂಟು ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಸೇರಿದ ವಾರದಲ್ಲೇ ಒಂದು ದಿನ ನಾನು ಯಾವುದೋ ಕೂಲಿಯವನ ಹೆಸರನ್ನು ಹಳೆಯ ಜನನ ಮರಣದ ಪುಸ್ತಕದ ಸೂಚಿಯಲ್ಲಿ ಹುಡುಕುತ್ತಾ ಕೂತಿದ್ದೆ. ಅಕ್ಷರದ ಪ್ರಕಾರ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಶೇಷಪ್ಪ ಎಲೆಅಡಿಕೆ ಜಗಿಯುತ್ತಾ ನೋಡಿದರು, ಹೊರಗೆ ಹೋಗಿ ಉಗಿದು ಬಂದರು.

“ಮೇಡಂನೋರೆ, ಅವ್ನ ಹೆಸ್ರು ಅಲ್ಲಿ ಸಾಯೋ ತನ್ಕ ಹುಡುಕಿದ್ರೂ ಸಿಗಲ್ಲ.”

“ಯಾಕೆ?”

“ಆಳು ಹುಟ್ಟಿದ್ರೂ ಸತ್ರೂ ಪಟೇಲ್ರು ಒಡೇರ ಮನೆ ಕೆಳಗೇ ಬರೀತಿದ್ದಿದ್ದು. ಸೂಚೀಲಿ ಮನೆ ಹೆಸ್ರು ಮಾತ್ರ. ಆಳಿನ್ ಹೆಸ್ರು ಹುಡುಕ್ಬೇಡಿ, ಒಡೇರ ಮನೆ ಹುಡುಕಿ. ಆಮೇಲೆ ಪುಟದ ಅಂಚು ನೋಡಿ.”

ಅಂಚು ನೋಡಿದೆ. ಎಡಗಡೆಯ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ, ಓರೆಯಾಗಿ, “ಇಂಥ ಮನೆಯ ಆಳು, ಇಂಥ ಕಡೆ ಬಿಡಾರ” ಎಂದಿತ್ತು. ಪುಸ್ತಕದ ಕಾಲಂಗಳಲ್ಲಿ ಜಾಗ ಸಿಗದವರು ಅಂಚಿನಲ್ಲಿ ಇದ್ದರು. ಆವತ್ತು ನನಗೆ ಅದು ಒಂದು ಚಮತ್ಕಾರದ ಹಾಗೆ ಕಂಡಿತ್ತು, ನಕ್ಕಿದ್ದೆ ಕೂಡ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಮೇಲಧಿಕಾರಿಗಳ ವಿಷಯ ಹೇಳಲೇಬೇಕು. ಒಬ್ಬ ಸಾಹೇಬರಿಗೆ ಚುನಾವಣೆಯ ಪೆಟ್ಟಿಗೆ ಇಡಲು ಜಾಗ ಬೇಕಿತ್ತು. ನಾನು ರಜೆಯ ಮೇಲಿದ್ದಾಗ ಎರಡು ಬೀರುವಿನ ಗಂಟುಗಳನ್ನು ಜಗಲಿಗೆ ಹಾಕಿಸಿದರು. ವಾಪಸು ಬಂದು ನೋಡಿದರೆ ಒಂದು ಗಂಟಿನ ಮೇಲೆ ನಾಯಿ ಮರಿ ಹಾಕಿತ್ತು. ಸಾಹೇಬರ ಹತ್ತಿರ ಹೋಗಿ ಕೂಗಾಡಿದೆ. “ಅಷ್ಟು ಮುಖ್ಯ ಆದ್ರೆ ಮನೆಗೆ ತಗೊಂಡು ಹೋಗಿ” ಎಂದರು. ಆ ಮನುಷ್ಯ ತನ್ನ ಸ್ವಂತ ಜಾಗದ ಪಹಣಿಯಲ್ಲಿ ಒಂದಕ್ಷರ ತಪ್ಪಾಗಿದ್ದಕ್ಕೆ ಮೂರು ಕಚೇರಿಯನ್ನು ಮೂರು ದಿನ ಕುಣಿಸಿದ್ದನ್ನು ನಾನೇ ಕಂಡಿದ್ದೇನೆ. ಅವರವರ ಅಜ್ಜಂದಿರು ಮಾತ್ರ ಅಜ್ಜಂದಿರು, ಉಳಿದವರದ್ದು ರದ್ದಿ.

ಇನ್ನೊಬ್ಬರು ಹಳೆಯ ಕಾಗದ ನಾಶಪಡಿಸುವ ಪಟ್ಟಿಗೆ ಓದದೆಯೇ ಸಹಿ ಹಾಕುವವರು. ಯಾವುದನ್ನು ಎಷ್ಟು ವರ್ಷ ಇಡಬೇಕು, ಯಾವುದನ್ನು ಯಾವತ್ತೂ ಸುಡಬಾರದು ಎಂದು ನಿಯಮವಿದೆ. ಆ ಪಟ್ಟಿಯಲ್ಲಿ ಗೇಣಿ ಅರ್ಜಿಗಳ ಸಾಕ್ಷಿ ಹೇಳಿಕೆಗಳೂ ಸೇರಿಹೋಗಿದ್ದವು. ಮನೆತನದ ಚರಿತ್ರೆ ಹುಡುಕುವವರಿಗೆ ಅದಕ್ಕಿಂತ ದೊಡ್ಡ ನಿಧಿ ಈ ಸೀಮೆಯಲ್ಲಿ ಇಲ್ಲ. ‘ಈ ಗದ್ದೆಯನ್ನು ನನ್ನ ಅಜ್ಜ ಮಾಡುತ್ತಿದ್ದ, ಆಮೇಲೆ ದೊಡ್ಡಪ್ಪ ಮಾಡಿದ, ಅವನು ಸತ್ತ ಮೇಲೆ ನನ್ನ ತಾಯಿ ಮಾಡಿದಳು’ ಎಂದು ಅಕ್ಷರ ಬಾರದ ಜನ ಬಾಯಿಬಿಟ್ಟು ಹೇಳಿದ್ದನ್ನು ಗುಮಾಸ್ತರು ಹಾಗೆಯೇ ಬರೆದುಕೊಂಡಿದ್ದಾರೆ. ಹಿತ್ತಿಲಲ್ಲಿ ಬೆಂಕಿ ಹಾಕುವ ಹೊತ್ತಿಗೆ ನಾನೂ ಶೇಷಪ್ಪನೂ ಅವನ್ನು ಹೊರಗೆ ಎಳೆದು ಹಾಕಿದೆವು. ಕೈ ಸುಟ್ಟುಕೊಂಡೆವು ಎಂದು ಹೇಳಿದರೆ ಅಲಂಕಾರವಲ್ಲ, ಶೇಷಪ್ಪನ ಎಡಗೈ ಬೊಬ್ಬೆ ಬಂದು ವಾರಗಟ್ಟಲೆ ಕಷ್ಟವಾಯಿತು.

ಬರೀ ಸಿಟ್ಟೇ ಬರೆಯುತ್ತಿದ್ದೇನೆ ಅನ್ನಬೇಡಿ, ನಗುವೂ ಇತ್ತು. ಜಯಪುರದ ಕಡೆಯಿಂದ ಒಬ್ಬರು ಬಂದಿದ್ದರು. ತಮ್ಮ ಮುತ್ತಜ್ಜ ಊರಿನ ಪಟೇಲರಾಗಿದ್ದರು, ಅದಕ್ಕೆ ದಾಖಲೆ ಬೇಕು, ಮಗಳ ಮದುವೆಯ ಕರೆಯೋಲೆಯಲ್ಲಿ ಹಾಕಿಸಬೇಕು ಎಂದು. ಹುಡುಕಿದೆ. ಹಳೆಯ ಕಾಲದಲ್ಲಿ ಪಟೇಲರ ಮನೆಗೆ ಬೆಂಕಿ ಬಿದ್ದ ಮಹಜರಿನಲ್ಲಿ ಮುತ್ತಜ್ಜನ ಹೆಸರು ಸಿಕ್ಕಿತು: ಪಟೇಲರ ಮನೆಯ ಅಡುಗೆಯವರು, ಬೆಂಕಿ ಹೊತ್ತಿದ್ದು ಅವರ ಒಲೆಯಿಂದಲೇ. ಅವರು ಅತ್ತಿತ್ತ ನೋಡಿ, “ಮೇಡಂ, ಇದೊಂದು ಹಾಳೆ ಮಾತ್ರ ಹಾಂಗೇ ಹಿಂದೆ ಹಾಕ್ಬಿಡಿ ಮಾರಾಯ್ರೆ. ಯಾರಿಗೂ ತೋರಿಸ್ಬೇಡಿ” ಎಂದರು. ಅಡುಗೆಯವರಾಗಿದ್ದರೆ ಏನು ನಷ್ಟ? ಊರಿಗೆಲ್ಲ ಅನ್ನ ಬೇಯಿಸಿದವರ ವಂಶ ಎಂದು ಕರೆಯೋಲೆಯಲ್ಲಿ ಹಾಕಿಸಿ ಎಂದೆ. ಮದುವೆಗೆ ನನ್ನನ್ನು ಕರೆಯಲಿಲ್ಲ.

ಇನ್ನು ಗಿರಿಜೆಯ ವಿಷಯ. ಇಷ್ಟೆಲ್ಲ ಬರೆದದ್ದು ಅದಕ್ಕೇ.

ಗಿರಿಜ ಕಾಫಿ ತೋಟಗಳಲ್ಲಿ ಕೂಲಿ ಮಾಡುವ ಹೆಂಗಸು. ಕಾಡಂಚಿನ ಹಕ್ಕಲಿನಲ್ಲಿ, ಅಂದರೆ ಉಳುಮೆಯಿಲ್ಲದ ಕುರುಚಲು ಬಯಲಿನಲ್ಲಿ, ಅವಳ ಮನೆ, ಮನೆಯ ಸುತ್ತ ಸ್ವಲ್ಪ ಜಾಗ. ಅಜ್ಜನ ಕಾಲದಿಂದ ಅಲ್ಲೇ ಇದ್ದವರು, ಆದರೆ ಒಂದು ಕಾಗದವೂ ಇಲ್ಲ. ಕಾಡಿನಲ್ಲಿ ತಲೆಮಾರುಗಳಿಂದ ಇದ್ದವರಿಗೆ ಹಕ್ಕುಪತ್ರ ಕೊಡುತ್ತಾರೆ, ಮೂರು ತಲೆಮಾರಿನಿಂದ ಇದ್ದದ್ದಕ್ಕೆ ಆಧಾರ ಬೇಕು ಎಂದು ಆಗ ಎಲ್ಲ ಕಡೆ ಅರ್ಜಿಗಳ ಗಲಾಟೆ. ಊರಿನ ಹಿರಿಯರ ಹೇಳಿಕೆಯೂ ಆಧಾರವೇ ಎಂದು ಕಾನೂನಿನಲ್ಲಿದೆ. ಆದರೆ ಮೇಜಿನ ಆಚೆ ಕೂತವರಿಗೆ ಬಾಯಿಮಾತು ರುಚಿಸುವುದಿಲ್ಲ, ಕಾಗದ ತಾ ಎನ್ನುತ್ತಾರೆ. ಜನ್ಮದಲ್ಲಿ ಯಾರೂ ಕಾಗದವನ್ನೇ ಕೊಡದ ಜನರ ಹತ್ತಿರ ಕಾಗದ ಕೇಳುವುದು ಎಂಥ ನ್ಯಾಯವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವಳು ಬಂದದ್ದು ಕೆಟ್ಟ ದಿನ. ಮೇಲಿನ ಸಾಹೇಬರ ತಪಾಸಣೆ ಮಾರನೆಯ ದಿನವಿತ್ತು. ನಮ್ಮ ತಹಶೀಲ್ದಾರರು ಬೆಳಗಿನಿಂದ “ಬಾಕಿ ಅರ್ಜಿ ಸೊನ್ನೆ ಇರ್ಬೇಕು, ಸೊನ್ನೆ” ಎಂದು ತಿರುಗುತ್ತಿದ್ದರು. ನನ್ನ ಮೇಜಿನ ಮೇಲೆ ಅರ್ಜಿಗಳ ರಾಶಿ. ಗಿರಿಜ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಳು.

“ಅಮ್ಮ, ನಮ್ಮಜ್ಜ ಬೆಳ್ಳ, ಅಜ್ಜಿ ಚೆನ್ನಿ ಅಂತ. ಅವ್ರು ಇಲ್ಲೇ ಇದ್ದೋರು ಅನ್ನೋಕೆ ಕಾಗ್ದ ಬೇಕಂತೆ. ಅಪ್ಪ ಸಣ್ಣಯ್ಯ ಹುಟ್ಟಿದ್ದೂ ಇಲ್ಲೇ. ಅಪ್ಪಂಗೆ ಈಗ ನಡ್ಯೋಕೆ ಆಗಲ್ಲ, ಅದ್ಕೆ ನಾನೇ ಬಂದೆ.”

“ಹೊರಗೆ ಕೂತಿರು” ಎಂದೆ.

ಸೂಚಿಯ ಪುಸ್ತಕ ತೆಗೆದು ‘ಬ’ ನೋಡಿದೆ. ಬೆಳ್ಳ ಇರಲಿಲ್ಲ. ‘ಚ’ ನೋಡಿದೆ. ಚೆನ್ನಿ ಇರಲಿಲ್ಲ. ಅಷ್ಟೇ. ಯಾರ ಮನೆಯ ಆಳಾಗಿದ್ದರು ಎಂದು ಕೇಳಲಿಲ್ಲ. ಪುಸ್ತಕ ಬಿಚ್ಚಲಿಲ್ಲ. ಅಂಚು ನೋಡಲಿಲ್ಲ. ಶೇಷಪ್ಪ ನಿವೃತ್ತರಾಗಿ ಹೋಗಿದ್ದರು, ಹೊರಗೆ ಹೋಗಿ ಉಗಿದು ಬಂದು ಬುದ್ಧಿ ಹೇಳುವವರು ಕೋಣೆಯಲ್ಲಿ ಯಾರೂ ಇರಲಿಲ್ಲ. ಬರೆದೆ: “ಅರ್ಜಿದಾರರು ಕೋರಿರುವಂತೆ ಬೆಳ್ಳ ಮತ್ತು ಆತನ ಹೆಂಡತಿ ಚೆನ್ನಿ ಇವರ ಬಗ್ಗೆ ಯಾವುದೇ ದಾಖಲೆ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.” ಸಹಿ ಮಾಡಿಸಿದೆ, ಮೊಹರು ಒತ್ತಿದೆ. ಬಾಕಿ ಒಂದು ಕಡಿಮೆಯಾಯಿತು.

ಕಾಗದ ಕೊಟ್ಟಾಗ ಅವಳು ಒಂದೇ ಮಾತು ಕೇಳಿದಳು. “ಪೂರಾ ನೋಡಿದ್ರಾ ಅಮ್ಮ?”

“ನೋಡಿದೆ” ಎಂದೆ. ಕಣ್ಣೆತ್ತಿ ನೋಡದೆಯೇ ಎಂದೆ.

ತಪಾಸಣೆ ಚೆನ್ನಾಗಿ ಆಯಿತು. ಬಾಕಿ ಸೊನ್ನೆ ಎಂದು ನಮಗೆಲ್ಲ ಶಹಬ್ಬಾಸ್ ಸಿಕ್ಕಿತು.

ಆಮೇಲೆ ಸ್ಕ್ಯಾನಿಂಗ್ ಬಂತು. ಗುತ್ತಿಗೆಯವರ ಜನ ಯಂತ್ರ ತಂದು ಕೋಣೆಯಲ್ಲೇ ಕೂತರು. ದಿನಕ್ಕೆ ಇಷ್ಟು ಪುಟ ಆಗಲೇಬೇಕು ಎಂದು ಅವರಿಗೂ ಒತ್ತಡ. ಪುಟ ಚೊಕ್ಕವಾಗಿ ಕಾಣಬೇಕೆಂದು ಅಂಚನ್ನು ಕತ್ತರಿಸಿ ಹಿಡಿಯುತ್ತಿದ್ದರು. ನಾನು ಪರದೆಯ ಮೇಲೆ ನೋಡಿ ಹೌಹಾರಿದೆ. “ಅಂಚು ಎಲ್ಲಿ ಮಾರಾಯ?” ಎಂದು ಕೇಳಿದರೆ, “ಅದು ಖಾಲಿ ಅಲ್ವಾ ಮೇಡಂ, ಕಾಲಂ ಎಲ್ಲ ಬಂದಿದೆಯಲ್ಲ” ಎಂದರು. ಖಾಲಿಯಲ್ಲ, ಅಲ್ಲಿ ಜನ ಇದ್ದಾರೆ ಎಂದು ತಹಶೀಲ್ದಾರರಿಗೆ ಬರೆದುಕೊಟ್ಟೆ. ಅವರು “ಗಮನಿಸಲಾಗಿದೆ” ಎಂದು ಷರಾ ಹಾಕಿ ಕಡತ ಮುಚ್ಚಿದರು. ಸ್ಕ್ಯಾನ್ ಆದ ಮೂಲ ಪುಸ್ತಕಗಳನ್ನು ಹಿಂದಿನ ಹಳೆಯ ಕ್ವಾರ್ಟರ್ಸಿಗೆ ಸಾಗಿಸಿದರು. ಅದರ ಮಾಡಿನಲ್ಲಿ ಹೆಂಚಿಗಿಂತ ಆಕಾಶ ಹೆಚ್ಚು. ಇನ್ನು ಇವು ಯಾಕೆ, ಮುಂದಿನ ಪಟ್ಟಿಯಲ್ಲಿ ವಿಲೇವಾರಿ ಮಾಡೋಣ ಎಂಬ ಮಾತೂ ಶುರುವಾಗಿತ್ತು.

ಗಿರಿಜ ಬಂದು ಹೋಗಿ ಎರಡು ವರ್ಷವಾಗಿತ್ತು. ಒಂದು ದಿನ ತಹಶೀಲ್ದಾರರು ಕರೆದರು. ಎದುರಿಗೆ ದೊಡ್ಡಕೊಡಿಗೆ ಮನೆಯ ಯಜಮಾನರು ಕೂತಿದ್ದರು. ಅಡಿಕೆ, ಕಾಫಿ, ಗದ್ದೆ ಎಲ್ಲ ಇರುವ ಹಳೆಯ ಮನೆತನ. ಅವರು ಕುಟುಂಬದ ಚರಿತ್ರೆಯನ್ನು ಪುಸ್ತಕ ಮಾಡಿಸುತ್ತಿದ್ದರು. “ಮೇಡಂ, ನೀವೇ ಖುದ್ದಾಗಿ ಎಲ್ಲ ಹುಡುಕಿ ಕೊಡಿ. ಮೂಲ ಪುಸ್ತಕದ್ದೇ ಫೋಟೊ ಬೇಕಂತೆ, ಕಂಪ್ಯೂಟರಿಂದು ಬೇಡ” ಎಂದು ತಹಶೀಲ್ದಾರರ ಅಪ್ಪಣೆ. ಬಾಕಿ ಸೊನ್ನೆಯ ಅವಸರ ಆ ದಿನ ಯಾರಿಗೂ ಇರಲಿಲ್ಲ. ಒಂದು ವಾರ ಬೇರೆ ಯಾವ ಕೆಲಸವೂ ಬೇಡ ಎಂದರು.

ಯಜಮಾನರ ಬಗ್ಗೆ ನನಗೆ ಸಿಟ್ಟಿಲ್ಲ. ಮರ್ಯಾದೆಯ ಮನುಷ್ಯರು, ತಮ್ಮ ಹಿರಿಯರನ್ನು ತಿಳಿಯಬೇಕೆಂಬ ಆಸೆ ಯಾರಿಗೂ ತಪ್ಪಲ್ಲ. ಹಳೆಯ ಕ್ವಾರ್ಟರ್ಸಿನಲ್ಲಿ ಹಲಗೆ ಹಾಕಿಕೊಂಡು ಕೂತು ಪುಸ್ತಕ ಬಿಚ್ಚಿದೆ. ಸೂಚಿಯಲ್ಲಿ ‘ದೊಡ್ಡಕೊಡಿಗೆ ಮನೆ’ ಎಂದು ಸಾಲುಗಟ್ಟಿ ಪುಟದ ಸಂಖ್ಯೆಗಳು. ಅವರ ಮುತ್ತಜ್ಜ, ಅಜ್ಜ, ಅಜ್ಜನ ತಮ್ಮಂದಿರು, ಎಲ್ಲರೂ ಒಬ್ಬರ ಹಿಂದೊಬ್ಬರು ಸಿಕ್ಕರು. ಮೂರನೆಯ ದಿನ ಮಧ್ಯಾಹ್ನ ಒಂದು ಪುಟ ತಿರುಗಿಸಿದೆ. ಹೆರಿಗೆ: ಗಂಡು. ತಂದೆ: ಬೆಳ್ಳ. ತಾಯಿ: ಸದರಿಯವನ ಹೆಂಡತಿ. ಅಂಚಿನಲ್ಲಿ ಓರೆಯಾಗಿ: ‘ದೊಡ್ಡಕೊಡಿಗೆ ಮನೆ ಆಳು, ಹಕ್ಕಲು ಬಿಡಾರ.’

ಪೂರಾ ನೋಡಿದ್ರಾ ಎಂದು ಕೇಳಿದವಳು ನೆನಪಾದಳು. ಕೆಲವು ಪುಟಗಳ ಆಚೆ ಮರಣದ ಭಾಗದಲ್ಲಿ ಇನ್ನೊಂದು: ‘ಬೆಳ್ಳನ ಹೆಂಡತಿ. ಜ್ವರ.’ ಅಂಚಿನಲ್ಲಿ ಅದೇ ಮಾತು. ಹುಟ್ಟಿದ ಗಂಡು ಎಂದರೆ ಗಿರಿಜೆಯ ಅಪ್ಪ ಸಣ್ಣಯ್ಯ. ಸತ್ತ ಹೆಂಡತಿ ಎಂದರೆ ಚೆನ್ನಿ. ಹುಟ್ಟಿದವನಿಗೂ ಹೆಸರಿಲ್ಲ, ಹೆತ್ತವಳಿಗೂ ಹೆಸರಿಲ್ಲ. ಆದರೆ ಹಕ್ಕಲು ಇತ್ತು, ಬಿಡಾರ ಇತ್ತು, ಕಾಲ ಇತ್ತು. ಅವಳಿಗೆ ಬೇಕಾಗಿದ್ದ ಆಧಾರವೆಲ್ಲ ಒಂದು ಬೆರಳು ಅಗಲದ ಅಂಚಿನಲ್ಲಿತ್ತು. ಅದನ್ನು ನಾನು ಲಭ್ಯವಿಲ್ಲ ಎಂದು ಬರೆದಿದ್ದೆ.

ಸಂಜೆ ಯಜಮಾನರು ಬಂದಾಗ ತೋರಿಸಿದೆ. ಕನ್ನಡಕ ಹಾಕಿ ಓದಿ, “ಆಳುಗಳದ್ದೂ ನಮ್ಮ ಮನೆ ಕೆಳಗೇ ಬರ್ದಿದಾರಾ! ಗೊತ್ತೇ ಇರ್ಲಿಲ್ಲ. ನಮ್ಮ ಪುಸ್ತಕಕ್ಕೆ ಇದು ಬೇಡ ಮೇಡಂ, ಜಾಗ ಸಾಲದು” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಮಾರನೆಯ ದಿನ ಆ ಎರಡು ಪುಟಗಳ ದೃಢೀಕೃತ ನಕಲು ತಯಾರಿಸಿ, ಜೊತೆಗೆ ಹೊಸ ಹಿಂಬರಹ ಬರೆದು ತಹಶೀಲ್ದಾರರ ಮುಂದಿಟ್ಟೆ: “ಹಿಂದೆ ನೀಡಿದ ಹಿಂಬರಹ ತಪ್ಪಾಗಿರುತ್ತದೆ. ದಾಖಲೆಯನ್ನು ಆಗ ಹುಡುಕಿರುವುದಿಲ್ಲ.” ಅವರು ಓದಿ ಕುರ್ಚಿಗೆ ಒರಗಿದರು.

“ಏನ್ರೀ ಇದು? ಹುಡುಕಿರಲಿಲ್ಲ ಅಂತ ನೀವೇ ಬರ್ಕೊಡ್ತೀರಾ? ಕಚೇರಿ ಮಾನ ಏನಾಗ್ಬೇಕು?”

“ಸರ್, ಅವ್ಳ ಅರ್ಜಿ ಏನಾಯ್ತು ಅಂತ ಕೇಳಿ ಮೊದ್ಲು.”

“ಹೊಸದಾಗಿ ಸಿಕ್ತು ಅಂತ ಬರೀರಿ. ‘ಈಗ ಲಭ್ಯವಾಗಿರುತ್ತದೆ’ ಅಂತ. ಮುಗೀತಲ್ಲ.”

“ಅದು ಕಳ್ದು ಹೋಗಿರ್ಲಿಲ್ಲ ಸರ್, ಹೊಸದಾಗಿ ಸಿಗೋಕೆ. ನಾನು ನೋಡಿರ್ಲಿಲ್ಲ.”

ದನಿ ಏರಿತು, ಅವರದ್ದೂ ನನ್ನದೂ. ಗುಮಾಸ್ತರೆಲ್ಲ ಬಾಗಿಲಿಗೆ ಬಂದರು. ಕೊನೆಗೆ ಅವರು ಸಹಿ ಹಾಕಿದರು. ಹಾಕಿದ ಪೆನ್ನಿನಲ್ಲೇ ಕರ್ತವ್ಯಲೋಪದ ನೋಟಿಸನ್ನೂ ಬರೆಸಿದರು. ನನಗೆ ನೋಟಿಸು ಕೊಟ್ಟದ್ದು ಸರಿಯೇ. ಆದರೆ ಅದು ಹುಡುಕದೆ ಇದ್ದದ್ದಕ್ಕೆ ಬಂದದ್ದಲ್ಲ, ಹುಡುಕಲಿಲ್ಲ ಎಂದು ಒಪ್ಪಿಕೊಂಡದ್ದಕ್ಕೆ ಬಂತು. ಕಚೇರಿಯ ಧರ್ಮ ಅದು.

ಭಾನುವಾರ ಬಸ್ಸು ಹತ್ತಿ, ಇಳಿದು, ಕೇಳಿಕೊಂಡು ನಡೆದು ಗಿರಿಜೆಯ ಮನೆಗೆ ಹೋದೆ. ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ಗುರುತು ಹಿಡಿದಳು. ಮಣೆ ಹಾಕಿದಳು. ನಕಲನ್ನು ಕೈಗಿಟ್ಟು ಓದಿ ಹೇಳಿದೆ. ಅವಳು ಸೌದೆಯ ಸಿಬಿರನ್ನು ಸೆರಗಿನಿಂದ ಕೀಳುತ್ತಾ ಕೇಳಿಸಿಕೊಂಡಳು.

“ಅವತ್ತು ನೋಡಿದೆ ಅಂದ್ರಲ್ಲ ಅಮ್ಮ?”

“ನೋಡಿರ್ಲಿಲ್ಲ” ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಆಮೇಲೆ ಏನಾಯಿತೆಂದು ಅವಳ ಬಾಯಿಂದಲೇ ತಿಳಿಯಿತು. ನನ್ನ ಹಿಂಬರಹ ಹಿಡಿದುಕೊಂಡು ಹಕ್ಕುಪತ್ರದ ಅರ್ಜಿ ನೋಡುವ ಸಮಿತಿಯ ಮುಂದೆ ಅಪ್ಪ ಮಗಳು ಹೋಗಿದ್ದರು. ನಡೆಯಲಾಗದ ಸಣ್ಣಯ್ಯನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. ‘ನಾನು ಹುಟ್ಟಿದ್ದೇ ಆ ಹಕ್ಕಲಲ್ಲಿ’ ಎಂದು ಮುದುಕ ಹೇಳಿದ್ದಾನೆ. ಅಲ್ಲಿದ್ದ ಅಧಿಕಾರಿ ನನ್ನ ಕಾಗದವನ್ನು ಎತ್ತಿ ತೋರಿಸಿ, “ಸರ್ಕಾರದ ದಾಖಲೆಯಲ್ಲೇ ಇಲ್ಲ ಅಂತ ಇದೆ, ನೀನು ಎಲ್ಲಿಂದ ಬಂದವನೋ ಏನೋ, ಸುಳ್ಳು ಹೇಳ್ಬೇಡ” ಎಂದಿದ್ದಾನೆ. ಅರ್ಜಿ ತಿರಸ್ಕಾರವಾಯಿತು.

“ಮನೆಗೆ ಬಂದ್ ಮೇಲೆ ಅಪ್ಪ ಅದನ್ನೇ ಹೇಳ್ತಿದ್ರು. ‘ನಾನ್ ಸುಳ್ಳು ಹೇಳಿಲ್ಲ ಮಗ, ಅಲ್ದಾ?’ ಅಂತ. ದಿನಾ ಕೇಳ್ತಿದ್ರು. ನಾನು ‘ಇಲ್ಲ ಅಪ್ಪ’ ಅಂತಿದ್ದೆ. ಹೋದ್ ವರ್ಷ ತೀರ್ಕೊಂಡ್ರು. ನೀವು ಒಂದ್ ವರ್ಷ ಮುಂಚೆ ಬಂದಿದ್ರೆ ಓದಿ ಹೇಳ್ಬೋದಿತ್ತು.”

ಇಷ್ಟೇ ಅವಳು ಹೇಳಿದ್ದು. ಇದಕ್ಕಿಂತ ಬಾಯ್ತುಂಬ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಅತ್ತೆ, ನಾಚಿಕೆಯಿಂದ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ವಾಂತಿ ಬರುತ್ತದೋ ಏನೋ ಎಂದು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ತಿರಸ್ಕಾರವಾದ ಅರ್ಜಿಗಳನ್ನು ಮತ್ತೆ ನೋಡಬೇಕೆಂಬ ಆದೇಶ ಆಮೇಲೆ ಬಂತು. ಗಿರಿಜ ಮತ್ತೆ ಅರ್ಜಿ ಹಾಕಿದಳು. ಈ ಸಲ ನಾನೂ ಜೊತೆಗೆ ಹೋದೆ, ಮೂಲ ಪುಸ್ತಕವನ್ನೇ ಅಪ್ಪಣೆ ಪಡೆದು ಹೊತ್ತುಕೊಂಡು. ಸಮಿತಿಯವರು ಕಂಪ್ಯೂಟರ್ ಪ್ರತಿ ತೋರಿಸಿ, ಇದರಲ್ಲಿ ಹಕ್ಕಲೂ ಇಲ್ಲ, ಮನೆಯ ಹೆಸರೂ ಇಲ್ಲ ಎಂದರು. ಮೂಲ ಪುಸ್ತಕ ಬಿಚ್ಚಿ ಅಂಚಿನ ಮೇಲೆ ಬೆರಳಿಟ್ಟೆ. “ಹೆಸರಿಲ್ಲದ ಈ ಹೆಂಡತಿ ಇವಳ ಅಜ್ಜಿಯೇ ಅನ್ನೋಕೆ ಏನು ಆಧಾರ?” ಎಂದು ಒಬ್ಬರು ಕೇಳಿದರು. ನನ್ನ ಬಾಯಿಂದ ಬೈಗುಳವೇ ಬರುತ್ತಿತ್ತು, ಅಷ್ಟರಲ್ಲಿ ಹಿಂದಿನಿಂದ ದೊಡ್ಡಕೊಡಿಗೆಯ ಯಜಮಾನರು ಎದ್ದು ನಿಂತರು. ನಾನು ಕೇಳಿಕೊಂಡಿದ್ದೆ, ಬರುತ್ತಾರೆಂಬ ನಂಬಿಕೆ ಇರಲಿಲ್ಲ. “ಬೆಳ್ಳ ನಮ್ಮಲ್ಲಿ ಇದ್ದವ. ಸಣ್ಣಯ್ಯನೂ ನಾನೂ ಒಟ್ಟಿಗೆ ಹಕ್ಕಲಲ್ಲಿ ದನ ಕಾದೋರು. ಬರ್ಕೊಳ್ಳಿ, ಸಹಿ ಹಾಕ್ತೀನಿ” ಎಂದರು. ಅವರ ಪುಸ್ತಕದಲ್ಲಿ ಮಾತ್ರ ಆ ಎರಡು ಸಾಲಿಗೆ ಕೊನೆಗೂ ಜಾಗ ಸಿಗಲಿಲ್ಲ.

ಆ ಮೂಲ ಪುಸ್ತಕಗಳನ್ನು ಕ್ವಾರ್ಟರ್ಸಿನಿಂದ ಮತ್ತೆ ಕೋಣೆಗೆ ತರಿಸುವುದರಲ್ಲೇ ನನ್ನ ಉಳಿದ ನೌಕರಿ ಕಳೆಯಿತು. ಎಲ್ಲವೂ ಬರಲಿಲ್ಲ. ಬಂದವುಗಳ ಅಂಚಿನ ಹೆಸರುಗಳನ್ನು ಒಂದು ಉದ್ದದ ಪುಸ್ತಕದಲ್ಲಿ ಬೇರೆಯಾಗಿ ಬರೆದಿಟ್ಟಿದ್ದೇನೆ, ಆಳಿನ ಹೆಸರು ಮೊದಲು, ಒಡೆಯರ ಮನೆ ಆಮೇಲೆ. ಫೋನ್ ಮಾಡಿದ ಮಗಳೇ, ಅದು ಎಡಗಡೆಯ ಬೀರುವಿನ ಕೆಳಗಿನ ಖಾನೆಯಲ್ಲಿದೆ. ಯಾರಾದರೂ ತೆಗೆದು ಎಸೆದಿದ್ದರೆ ನನಗೆ ಹೇಳು, ಬಂದು ಜಗಳವಾಡುತ್ತೇನೆ, ಈಗ ನೋಟಿಸು ಕೊಡುವವರೂ ಇಲ್ಲ. ಅಜ್ಜ ಅಜ್ಜಿಯನ್ನು ಹುಡುಕಿಕೊಂಡು ಬಂದವರನ್ನು ಮೊದಲು ಕೂರಿಸು. ಯಾರ ಮನೆಯಲ್ಲಿ ಕೆಲಸಕ್ಕಿದ್ದರು, ಎಲ್ಲಿ ಬಿಡಾರವಿತ್ತು, ಯಾವ ಶಾಲೆಗೆ ಮಕ್ಕಳನ್ನು ಸೇರಿಸಿದರು ಎಂದು ಕೇಳು. ಕೇಳದೆ ಪುಸ್ತಕ ತೆಗೆಯಬೇಡ, ಅಂಚು ನೋಡದೆ ಮುಚ್ಚಬೇಡ. ಪೂರ್ತಿ ನೋಡಿದ ಮೇಲೂ ಇಲ್ಲದಿದ್ದರೆ ಇಲ್ಲ ಎಂದು ಬರೆ. ಅವಸರದವರು ಯಾರು ಬಂದು ನಿಂತರೂ ಅದಕ್ಕೆ ಮುಂಚೆ ಬರೆಯಬೇಡ.

ಗಿರಿಜೆಗೆ ಹಕ್ಕುಪತ್ರ ಬಂದದ್ದು ನಾನು ನಿವೃತ್ತಳಾದ ಮೇಲೆ. ಫೋನ್ ಮಾಡಿ ಕರೆದಳು. ಹೋದೆ. ಪ್ಲಾಸ್ಟಿಕ್ ಕವರಿನಿಂದ ಜೋಪಾನವಾಗಿ ತೆಗೆದು ತೋರಿಸಿದಳು. ಅವಳ ಹೆಸರು, ಅಪ್ಪ ಸಣ್ಣಯ್ಯನ ಹೆಸರು, ಎಲ್ಲ ಸರಿಯಾಗಿತ್ತು. ಅದೇ ಕವರಿನಲ್ಲಿ ಇನ್ನೊಂದು ಕಾಗದ ನಾಲ್ಕು ಮಡಿಕೆಯಲ್ಲಿತ್ತು. ಬಿಚ್ಚಿದೆ. ನನ್ನದೇ ಅಕ್ಷರ, ನನ್ನದೇ ಮೊಹರು, ಮೊದಲನೆಯ ಹಿಂಬರಹ. ಮೈಯೆಲ್ಲ ಉರಿದು ಹೋಯಿತು.

“ಇದನ್ನ ಯಾಕೆ ಇಟ್ಕೊಂಡಿದೀಯ ಮಾರಾಯ್ತಿ? ಇನ್ನು ಇದು ಎಂತಕ್ಕೆ ಬೇಕು? ಹರ್ದು ಒಲೆಗೆ ಹಾಕು. ಇಲ್ಲಾಂದ್ರೆ ನಾನೇ ಹರೀತೀನಿ.”

ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ನಾಲ್ಕನೇ ತರಗತಿಯವರೆಗೆ ಓದಿದವಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿದಳು.

“ಚೆನ್ನಿ ಅಂತ ಇಲ್ಲಿದೆ ನೋಡಿ ಅಮ್ಮ. ನೀವು ತಂದುಕೊಟ್ಟ ಹಳೇ ಪುಸ್ತಕದ ಕಾಗ್ದದಲ್ಲಿ ಬೆಳ್ಳನ ಹೆಂಡ್ತಿ ಅಂತ ಮಾತ್ರ ಇದೆ. ಹಕ್ಕುಪತ್ರದಲ್ಲೂ ಇಲ್ಲ. ನಮ್ಮಜ್ಜಿ ಹೆಸ್ರನ್ನ ಸರ್ಕಾರದೋರು ಬರ್ದಿದ್ದು ಇದೊಂದ್ರಲ್ಲೇ. ಅದನ್ನ ಹೆಂಗೆ ಹರಿಯೋದು?”

ಅಜ್ಜಿ ಇಲ್ಲ ಎಂದು ಹೇಳುವ ಆ ಕಾಗದವನ್ನು ಹಳೆಯ ಮಡಿಕೆಯಲ್ಲೇ ಮತ್ತೆ ಮಡಚಿ, ಹಕ್ಕುಪತ್ರದ ಒಳಗಿಟ್ಟು, ಕವರಿನ ಬಾಯಿ ಕಟ್ಟಿದಳು.